ಕಾರ್ಖಾನೆ ಊರಲ್ಲಿ ಕ್ಯಾಂಪಸ್ ಇದ್ದರೆ ಕಾರ್ಮಿಕರಿಗೆ ಏನು ಸಿಗುತ್ತೆ?

ಮೂರನೇ ಶಿಫ್ಟ್
ನಮ್ಮಪ್ಪ 31 ವರ್ಷ ಟರ್ನರ್, ಅಂದರೆ ಲೇತ್ ಮಷೀನಿನಲ್ಲಿ ಲೋಹ ಕಡೆಯುವವರು, ಆಗಿದ್ದವರು. ಅವರ ಕಾರ್ಖಾನೆಯ ಕಾಂಪೌಂಡಿಗೂ ವಿಶ್ವವಿದ್ಯಾಲಯದ ಕಾಂಪೌಂಡಿಗೂ ನಡುವೆ ಇದ್ದದ್ದು ಒಂದೇ ರಸ್ತೆ. ಅಷ್ಟು ವರ್ಷದಲ್ಲಿ ಅವರು ಆ ರಸ್ತೆ ದಾಟಿ ಕ್ಯಾಂಪಸ್ ಒಳಗೆ ಹೋಗಿದ್ದು ಎರಡೇ ಸಲ. ಒಮ್ಮೆ ನನ್ನ ಅಡ್ಮಿಷನ್‌ಗೆ, ಇನ್ನೊಮ್ಮೆ ಘಟಿಕೋತ್ಸವಕ್ಕೆ. ಎರಡು ಸಲವೂ ಗೇಟಿನಲ್ಲಿ "ಯಾರನ್ನ ನೋಡಬೇಕು?" ಅಂತ ತಡೆದು ಕೇಳಿದ್ದರು.

ಈಗ ಕಾರ್ಖಾನೆ ಅರ್ಧ ಮುಚ್ಚಿದೆ. ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. "ಕ್ಯಾಂಪಸ್ ಇದೆಯಲ್ಲ, ಊರು ಬದುಕಿಕೊಳ್ಳುತ್ತೆ ಬಿಡಿ." ಊರೇನೋ ಬದುಕಬಹುದು. ಆದರೆ ಅದರಲ್ಲಿ ನಮ್ಮಪ್ಪನಂಥವರ ಪಾಲು ಎಷ್ಟು? ಸುಮ್ನೆ ಹೊಟ್ಟೆಯುರಿಗೆ ಕೇಳುತ್ತಿಲ್ಲ. ನಾನೂ ಅಲ್ಲೇ ಓದಿದವನು. ಬೇರೆ ಊರುಗಳಲ್ಲಿ ಹೇಗಾಯ್ತು ಅಂತ ತಿಳಿದವರು ಹೇಳಿ.

ಕಲ್ಲಿದ್ದಲು
ಅಮೆರಿಕದ ಪಿಟ್ಸ್‌ಬರ್ಗ್ ನೋಡಿ. 1980ರ ದಶಕದಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಗಳು ಸಾಲಾಗಿ ಮುಚ್ಚಿದವು. ಆಮೇಲೆ ಆ ಊರನ್ನು ಎತ್ತಿ ನಿಲ್ಲಿಸಿದ್ದು ವಿಶ್ವವಿದ್ಯಾಲಯಗಳು ಮತ್ತು ಅವುಗಳ ಜೊತೆಗಿದ್ದ ಆಸ್ಪತ್ರೆಗಳು. 64 ಅಂತಸ್ತಿನ ಯು.ಎಸ್. ಸ್ಟೀಲ್ ಟವರ್ ಇದೆಯಲ್ಲ, ಅದರ ನೆತ್ತಿಯ ಮೇಲೆ ಈಗ ಇರುವುದು ಆಸ್ಪತ್ರೆ ಸಮೂಹದ ಹೆಸರು. ಕಟ್ಟಡ ಉಕ್ಕಿನವರದ್ದು, ಬೋರ್ಡು ವೈದ್ಯರದ್ದು! ಊರು ಬದಲಾಗೋದು ಅಂದ್ರೆ ಇದೇ.

ಅರೆಬೆಂದ ಅರ್ಥಶಾಸ್ತ್ರಿ
ಕಲ್ಲಿದ್ದಲು ಅವರೇ, ಬೋರ್ಡು ಬದಲಾಗಿದ್ದು ನಿಜ. ಅದರ ಕೆಳಗೆ ನಿಂತಿದ್ದ ಜನ ಏನಾದರು ಅನ್ನೋದು ಪ್ರಶ್ನೆ. 45 ವರ್ಷದ ಕುಲುಮೆ ಕೆಲಸಗಾರ ಮಾರನೇ ದಿನ ಲ್ಯಾಬ್ ಕೋಟು ಹಾಕಿಕೊಳ್ಳಲಿಲ್ಲ. ಸಾವಿರಾರು ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಬೇರೆ ರಾಜ್ಯಗಳಿಗೆ ಹೋದವು. ಊರು ಚೇತರಿಸಿಕೊಂಡಿತು ಅಂತ ಹೇಳುವಾಗ ಊರು ಬಿಟ್ಟವರ ಲೆಕ್ಕ ಯಾರೂ ಇಡುವುದಿಲ್ಲ.

ಇನ್ನೊಂದು ವಿಷಯ. ಅಲ್ಲಿ ವಿಶ್ವವಿದ್ಯಾಲಯ, ಆಸ್ಪತ್ರೆ ಎರಡೂ ಲಾಭರಹಿತ ಸಂಸ್ಥೆಗಳು, ಹಾಗಾಗಿ ಅವುಗಳ ಆಸ್ತಿಗೆ ತೆರಿಗೆ ವಿನಾಯಿತಿ. ಕಾರ್ಖಾನೆ ಇದ್ದಾಗ ನಗರಕ್ಕೆ ತೆರಿಗೆ ಕಟ್ಟುತ್ತಿತ್ತು. ಅದು ಹೋಗಿ ಕ್ಯಾಂಪಸ್ ಬೆಳೆದರೆ ರಸ್ತೆ, ಚರಂಡಿ, ಬೀದಿ ದೀಪದ ಖರ್ಚು ಯಾರ ತಲೆಗೆ? ಉಳಿದ ಮನೆಯವರ ತಲೆಗೆ. ಪಿಟ್ಸ್‌ಬರ್ಗ್ ನಗರಾಡಳಿತ 2013ರಲ್ಲಿ ಇದೇ ವಿಷಯಕ್ಕೆ ಆ ಆಸ್ಪತ್ರೆ ಸಮೂಹದ ಮೇಲೆ ಕೋರ್ಟಿಗೇ ಹೋಗಿತ್ತು.

ಪೆನ್ಸಿಲ್ ತುದಿ
ಕ್ಯಾಂಪಸ್‌ನಿಂದ ಲಾಭ ಆಗೋದು ಪಿಜಿ ನಡೆಸುವವರಿಗೆ ಮಾತ್ರ. ಚರ್ಚೆ ಮುಗಿಯಿತು.

ಮಹಡಿ ಮನೆ
ಆ ಪಿಜಿ ನಡೆಸುವವಳು ನಾನೇ. ಮುಗಿದಿಲ್ಲ, ಕೂತ್ಕೊಳ್ಳಿ.

ನಮ್ಮ ಯಜಮಾನರ ಮಿಲ್ಲು ಮುಚ್ಚಿದಾಗ ಕೈಗೆ ಬಂದ ದುಡ್ಡಲ್ಲಿ ಮಹಡಿ ಮೇಲೆ ಮೂರು ರೂಮು ಎಬ್ಬಿಸಿದೆವು. ಈಗ ಆರು ಹುಡುಗಿಯರಿದ್ದಾರೆ. ಮೆಟ್ಟಿಲ ಮೇಲೆ ಹನ್ನೆರಡು ಜೊತೆ ಚಪ್ಪಲಿ. ಯಾವುದು ಯಾರದ್ದು ಅಂತ ಕತ್ತಲಲ್ಲೂ ಹೇಳುತ್ತೇನೆ. ಒಬ್ಬಳಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವವಳು ನಾನು, ಅವರ ವಿಶ್ವವಿದ್ಯಾಲಯ ಅಲ್ಲ. ರಜೆಯಲ್ಲಿ ಎರಡು ತಿಂಗಳು ರೂಮು ಖಾಲಿ. ಆಗ ಕೈಯೂ ಖಾಲಿ. ಇದನ್ನು ಲಾಭ ಅಂತ ಕರೆಯೋದಾದರೆ ಕರೆಯಿರಿ. ನಮಗೆ ಮಿಲ್ಲಿನ ಸಂಬಳ ಹೋದ ಮೇಲೆ ಸಿಕ್ಕಿದ್ದು ಇಷ್ಟೇ.

ಪೆನ್ಸಿಲ್ ತುದಿ
ಮೇಡಂ, ತಪ್ಪಾಯ್ತು. ನಾನು ಹೇಳಿದ್ದು ಒಬ್ಬೊಬ್ಬರೇ ಹತ್ತು ಮನೆ ಕೊಂಡು ಹಾಕಿರುತ್ತಾರಲ್ಲ, ಅವರ ಬಗ್ಗೆ.

ಅರೆಬೆಂದ ಅರ್ಥಶಾಸ್ತ್ರಿ
ಅವರೂ ಇದ್ದಾರೆ. ಬ್ರಿಟನ್‌ನಲ್ಲಿ ಇದಕ್ಕೊಂದು ಹೆಸರೇ ಇದೆ, 'ಸ್ಟುಡೆಂಟಿಫಿಕೇಷನ್' ಅಂತ. ಕಾರ್ಮಿಕರ ಕಾಲೋನಿಯ ಸಣ್ಣ ಮನೆಗಳನ್ನು ಕೊಂಡು, ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಡುವುದು. ಒಂದು ಸಂಸಾರ ಕೊಡುವ ಬಾಡಿಗೆಗಿಂತ ನಾಲ್ಕು ವಿದ್ಯಾರ್ಥಿಗಳಿಂದ ಬರೋದು ಜಾಸ್ತಿ. ಹೀಗೆ ಸಂಸಾರಗಳು ಹೋಗುತ್ತವೆ, ಮಕ್ಕಳಿಲ್ಲದೆ ಪಕ್ಕದ ಪ್ರಾಥಮಿಕ ಶಾಲೆ ಬಡವಾಗುತ್ತದೆ. ಮಹಡಿ ಮನೆಯವರಂತೆ ತಾವು ಇರುವ ಮನೆಯಲ್ಲೇ ಬಾಡಿಗೆಗೆ ಕೊಡುವವರದ್ದು ಬೇರೆ ಲೆಕ್ಕ.

ಉಗಿಬಂಡಿ
ಎಲ್ಲರೂ ಕ್ಯಾಂಪಸ್ ಅಂದರೆ ಮೇಲಿನಿಂದ ಇಳಿದು ಬಂದದ್ದು ಅನ್ನೋ ಹಾಗೆ ಮಾತಾಡುತ್ತಿದ್ದೀರಿ. ಇಂಗ್ಲೆಂಡಿನ ಶೆಫೀಲ್ಡ್ ಕತೆ ಬೇರೆ. ಅದು ಚಾಕು, ಕತ್ತರಿ, ಉಕ್ಕಿನ ಊರು. ಅಲ್ಲಿ ವಿಶ್ವವಿದ್ಯಾಲಯ ಬೇಕು ಅಂತ 1904ರಲ್ಲಿ ಚಂದಾ ಎತ್ತಿದಾಗ ಉಕ್ಕಿನ ಕಾರ್ಖಾನೆಯವರು, ಗಣಿ ಕಾರ್ಮಿಕರು ಒಂದೊಂದು ಪೆನ್ನಿ ಹಾಕಿದರು. 1905ರಲ್ಲಿ ವಿಶ್ವವಿದ್ಯಾಲಯ ಆಯಿತು. ಅಂದರೆ ಅಲ್ಲಿನ ಕಾರ್ಮಿಕರು ಆ ಗೇಟಿನ ಮುಂದೆ ನಿಂತು "ಇದರಲ್ಲಿ ನನ್ನದೂ ಒಂದು ಇಟ್ಟಿಗೆ ಇದೆ" ಅನ್ನಬಹುದಿತ್ತು.

ಪಿಟ್ಸ್‌ಬರ್ಗ್‌ನಲ್ಲೂ ಇಂಥದ್ದು ನಡೆದಿದೆ. ಅಲ್ಲಿನ ವಿಶ್ವವಿದ್ಯಾಲಯದ 42 ಅಂತಸ್ತಿನ ಕಟ್ಟಡ 'ಕೆಥೀಡ್ರಲ್ ಆಫ್ ಲರ್ನಿಂಗ್' ಕಟ್ಟುವಾಗ ಸುಮಾರು 97,000 ಶಾಲಾಮಕ್ಕಳು ತಲಾ ಹತ್ತು ಸೆಂಟ್ ಕೊಟ್ಟು ಒಂದೊಂದು ಇಟ್ಟಿಗೆ 'ಕೊಂಡರು'. 1926ರಲ್ಲಿ ಶುರುವಾದ ಕಟ್ಟಡ, 1937ರಲ್ಲಿ ಉದ್ಘಾಟನೆ. ನಡುವೆ ಮಹಾ ಆರ್ಥಿಕ ಕುಸಿತ ಬೇರೆ.

ಕಬ್ಬಿಣದ ಕಡಲೆ
ಅದೇ ಪಿಟ್ಸ್‌ಬರ್ಗ್‌ನ ಇನ್ನೊಂದು ಮುಖ ಹೇಳುತ್ತೇನೆ. ಉಕ್ಕಿನ ದೊಡ್ಡ ಉದ್ಯಮಿ ಆ್ಯಂಡ್ರೂ ಕಾರ್ನೆಗಿ 1900ರಲ್ಲಿ ಕಾರ್ಮಿಕರ ಮಕ್ಕಳಿಗೆ ಅಂತ ತಾಂತ್ರಿಕ ಶಾಲೆ ಕಟ್ಟಿಸಲು ಹಣ ಕೊಟ್ಟ. ಇವತ್ತಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬೇರು ಅದು. ಆದರೆ ಅದಕ್ಕೆ ಎಂಟು ವರ್ಷ ಮೊದಲು, 1892ರಲ್ಲಿ, ಪಿಟ್ಸ್‌ಬರ್ಗ್ ಪಕ್ಕದ ಹೋಮ್‌ಸ್ಟೆಡ್‌ನ ಅವನ ಕಾರ್ಖಾನೆಯಲ್ಲಿ ಸಂಬಳದ ಜಗಳಕ್ಕೆ ಗುಂಡು ಹಾರಿ ಹೆಣ ಬಿದ್ದಿದ್ದವು. ಯೂನಿಯನ್ ಮುರಿದು ಬಿತ್ತು. ಆಮೇಲೆ 1898ರಲ್ಲಿ ಅದೇ ಊರಿಗೆ ಅಂದವಾದ ಗ್ರಂಥಾಲಯ ಬಂತು.

ಗ್ರಂಥಾಲಯ ಬಂದರೇನು? ಕುಲುಮೆಯಲ್ಲಿ ಹನ್ನೆರಡು ಗಂಟೆ ಪಾಳಿ. ಅದು ಹೋಗಿದ್ದು 1923ರ ಸುಮಾರಿಗೆ. ಹನ್ನೆರಡು ಗಂಟೆ ಬೆಂಕಿಯ ಮುಂದೆ ನಿಂತು ಬಂದವನ ಕೈಗೆ ಪುಸ್ತಕ ಕೊಟ್ಟರೆ ಅದು ತಲೆದಿಂಬು ಆಗುತ್ತೆ ಅಷ್ಟೆ.

ಉಗಿಬಂಡಿ
ಹಾಗಂತ ಗ್ರಂಥಾಲಯ ಕಟ್ಟಬಾರದಿತ್ತಾ?

ಕಬ್ಬಿಣದ ಕಡಲೆ
ಕಟ್ಟಲಿ ಸ್ವಾಮಿ. ಮೊದಲು ನಾಲ್ಕು ಗಂಟೆ ಕೆಲಸ ಕಡಿಮೆ ಮಾಡಿ ಆಮೇಲೆ ಕಟ್ಟಲಿ.

ಮೂರನೇ ಶಿಫ್ಟ್
ಕಬ್ಬಿಣದ ಕಡಲೆ ಅವರ ಮಾತು ನನಗೆ ನೇರವಾಗಿ ನಾಟಿತು. ನಮ್ಮಪ್ಪನಿಗೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷೀನಿನ ಕೆಲಸ, ಕಲಿಯುವ ಆಸೆ ಇತ್ತು. ಶಾಪಿನಲ್ಲಿ ಹೊಸ ಮಷೀನು ಬಂದಾಗ ಎಳೆಯ ಹುಡುಗರು ಗುಂಡಿ ಒತ್ತುತ್ತಿದ್ದರು, ಇವರು ದೂರ ನಿಂತು ನೋಡುತ್ತಿದ್ದರು. ಎದುರಿನ ಕ್ಯಾಂಪಸ್‌ನಲ್ಲಿ ಮೂರು ತಿಂಗಳ ಕೋರ್ಸ್ ಇದೆ ಅಂತ ಗೊತ್ತಾಯಿತು. ಸಮಯ ಬೆಳಿಗ್ಗೆ ಹತ್ತೂವರೆಯಿಂದ ಒಂದೂವರೆ. ಕೆಲಸ ಮಾಡುವ ಯಾವ ಮನುಷ್ಯ ಆ ಹೊತ್ತಿಗೆ ಹೋಗಲು ಸಾಧ್ಯ? ಫಾರಂ ಮನೆಯಲ್ಲಿ ಇನ್ನೂ ಇದೆ, ತುಂಬಿಸಿದ ಹಾಗೇ. ಟ್ರಂಕಿನಲ್ಲಿ ನನ್ನ ಮಾರ್ಕ್ಸ್ ಕಾರ್ಡಿನ ಕೆಳಗೆ.

ಚಾಕ್‌ಪೀಸು
ನಾನು ಗೇಟಿನ ಒಳಗಿನವನು. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಬೈಯುವುದಿದ್ದರೆ ಬೈಯಿರಿ, ಆದರೆ ಒಂದು ಅನುಭವ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಕಾರ್ಖಾನೆಯವರಿಗೆ ಅಂತಲೇ ಸಂಜೆ ಆರಕ್ಕೆ ಕೋರ್ಸ್ ಶುರು ಮಾಡಿದೆವು. ಮೊದಲ ವಾರ 22 ಜನ. ಎರಡನೇ ವಾರ 9. ಮೂರನೇ ವಾರ ಮತ್ತೆ 15, ಅದರಲ್ಲಿ ಅರ್ಧ ಜನ ಹಿಂದಿನ ವಾರ ಬರದವರು. "ಇವರಿಗೆ ಕಲಿಯುವ ಮನಸ್ಸಿಲ್ಲ" ಅಂತ ವರದಿ ಬರೆಯಲು ನಮ್ಮವರು ಆಗಲೇ ತಯಾರಾಗಿದ್ದರು. ನಾನು ಒಬ್ಬರನ್ನು ಹಿಡಿದು ಕೇಳಿದೆ. ಅವರು ನಗುತ್ತಾ ಹೇಳಿದರು, "ಸಾರ್, ಹೋದ ವಾರ ಸೆಕೆಂಡ್ ಶಿಫ್ಟು. ನೀವು ಆರಕ್ಕೆ ಪಾಠ ಶುರು ಮಾಡೋ ಹೊತ್ತಿಗೆ ನಾನು ಮಷೀನ್ ಮುಂದೆ."

ಪಾಳಿ ವಾರಕ್ಕೊಮ್ಮೆ ತಿರುಗುತ್ತದೆ ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ರಸ್ತೆಯಾಚೆ ದಿನಕ್ಕೆ ಮೂರು ಸಲ ಸೈರನ್ ಕೇಳುತ್ತಿದ್ದರೂ! ಆಮೇಲೆ ಒಂದೇ ಪಾಠವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿದೆವು. ಯಾವ ಪಾಳಿಯವರು ಯಾವುದಕ್ಕಾದರೂ ಬರಬಹುದು. ಕೊನೆಗೆ 17 ಜನ ಮುಗಿಸಿದರು. ಮರು ವರ್ಷ ಕೋರ್ಸ್ ನಿಂತಿತು. ಒಂದೇ ಪಾಠಕ್ಕೆ ಎರಡು ಸಲದ ಭತ್ಯೆ ಯಾಕೆ ಅಂತ ಲೆಕ್ಕಪತ್ರದವರ ಆಕ್ಷೇಪಣೆ.

ಇನ್ನೊಂದು ತಮಾಷೆ. ನಮ್ಮ ವರ್ಕ್‌ಶಾಪಿನ ಒಂದು ಹಳೇ ಲೇತ್ ವರ್ಷದಿಂದ ಗೇರು, ಬೇರಿಂಗು ಇರುವ ಹೆಡ್‌ಸ್ಟಾಕ್ ಕಡೆಯಿಂದ ಸದ್ದು ಮಾಡುತ್ತಿದೆ. ರಿಪೇರಿಗೆ ಕೊಟೇಷನ್ ಕರೆಯಬೇಕಂತೆ, ಕಡತ ಓಡಾಡುತ್ತಿದೆ. ಬೇಲಿಯಾಚೆ ಅದನ್ನು ಕಿವಿಯಲ್ಲೇ ಕೇಳಿ ಹೇಳುವವರು ನೂರಾರು ಜನ ಇದ್ದಾರೆ. ಅವರನ್ನು ಒಳಗೆ ಕರೆಯಲು ನಮ್ಮಲ್ಲಿ ಯಾವ ಫಾರಂ ಕೂಡ ಇಲ್ಲ.

ಪೆನ್ಸಿಲ್ ತುದಿ
"ಯಾವ ಫಾರಂ ಕೂಡ ಇಲ್ಲ." ಇದನ್ನ ಕ್ಯಾಂಪಸ್ ಗೇಟಿನ ಮೇಲೆ ಬರೆಸಿ ಸಾರ್.

ಗೋಡೆ ಗಡಿಯಾರ
ಸಮಯದ ವಿಷಯಕ್ಕೆ ಒಂದು ಉದಾಹರಣೆ. ಫ್ರಾನ್ಸ್‌ನಲ್ಲಿ 1968ರಲ್ಲಿ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದ ಗಲಾಟೆ ಆದ ಮೇಲೆ ಪ್ಯಾರಿಸ್ ಅಂಚಿನ ವ್ಯಾನ್‌ಸೆನ್‌ನಲ್ಲಿ ಒಂದು ಪ್ರಾಯೋಗಿಕ ವಿಶ್ವವಿದ್ಯಾಲಯ ತೆರೆದರು. ಪಿಯುಸಿಗೆ ಸಮನಾದ ಅಲ್ಲಿನ ಬಕಲೋರಿಯಾ ಪರೀಕ್ಷೆ ಪಾಸಾಗದ ಕೆಲಸಗಾರರೂ ಅಲ್ಲಿ ಸೇರಬಹುದಿತ್ತು. ರಾತ್ರಿಯವರೆಗೂ ಪಾಠ. ಕಾರ್ಮಿಕ ನಗರಕ್ಕೆ ಇಂಥದ್ದೇ ಬೇಕು.

ಅರೆಬೆಂದ ಅರ್ಥಶಾಸ್ತ್ರಿ
ಸಣ್ಣ ತಿದ್ದುಪಡಿ. ವ್ಯಾನ್‌ಸೆನ್ ಕಾರ್ಮಿಕ ನಗರ ಅಲ್ಲ, ಅದಿದ್ದದ್ದು ಕಾಡಿನ ಅಂಚಿನಲ್ಲಿ. 1980ರಲ್ಲಿ ಕಟ್ಟಡ ಕೆಡವಿ, ಇಡೀ ವಿಶ್ವವಿದ್ಯಾಲಯವನ್ನು ಪ್ಯಾರಿಸ್ ಪಕ್ಕದ ಸ್ಯಾಂ-ಡೆನಿಗೆ ಎತ್ತಿ ಹಾಕಿದರು. ಅದು ನಿಜವಾದ ಕಾರ್ಖಾನೆ ಊರು. ತಮಾಷೆ ಅಂದ್ರೆ ಆಗ ಅದನ್ನು ಶಿಕ್ಷೆ ಅಂತ ತಿಳಿದವರೇ ಜಾಸ್ತಿ.

ಗೋಡೆ ಗಡಿಯಾರ
ಒಪ್ಪಿದೆ. ಆದರೆ ಕಾರ್ಮಿಕರ ಊರಿಗೆ ಹೋಗೋದೇ ಶಿಕ್ಷೆ ಅಂತ ಓದಿದವರು ತಿಳಿದಿದ್ದರಲ್ಲ, ಅಲ್ಲೇ ನಮ್ಮ ಉತ್ತರ ಇದೆ ಅಲ್ವಾ?

ಕಲ್ಲಿದ್ದಲು
ಎಲ್ಲರೂ ಅಳುತ್ತಿದ್ದೀರಿ, ಒಂದು ಒಳ್ಳೆಯದನ್ನೂ ಹೇಳೋಣ. ಜರ್ಮನಿಯ ಬೋಹುಮ್. ಕಲ್ಲಿದ್ದಲು ಗಣಿ ಮುಚ್ಚುತ್ತಾ ಬಂದ ಕಾಲಕ್ಕೆ ಅಲ್ಲಿ ಎರಡು ಬಂದವು. 1962ರಲ್ಲಿ ಓಪೆಲ್ ಕಾರು ಕಾರ್ಖಾನೆ, 1965ರಲ್ಲಿ ರೂರ್ ವಿಶ್ವವಿದ್ಯಾಲಯ. ಓಪೆಲ್ ಘಟಕ ಎದ್ದಿದ್ದು ಹಳೇ ಗಣಿಯ ಜಾಗದಲ್ಲೇ. 2014ರ ಕೊನೆಗೆ ಅದೂ ಮುಚ್ಚಿತು. ಅಲ್ಲಿದ್ದ ನೋಕಿಯಾ ಫೋನ್ ಕಾರ್ಖಾನೆ ಅಷ್ಟರಲ್ಲಿ 2008ರಲ್ಲೇ ಹೋಗಿತ್ತು. ಉಳಿದದ್ದು ಯಾವುದು? ವಿಶ್ವವಿದ್ಯಾಲಯ. ಓಪೆಲ್ ಜಾಗದಲ್ಲಿ ಈಗ ಅದರ ಸಂಶೋಧನಾ ಕಟ್ಟಡಗಳೂ ಇವೆ. ಕಂಪನಿ ಗಂಟು ಕಟ್ಟಿಕೊಂಡು ಹೋಗಬಹುದು, ಕ್ಯಾಂಪಸ್ ಹೋಗೋದಿಲ್ಲ. ಇದು ಸಣ್ಣ ಮಾತಲ್ಲ.

ಕಬ್ಬಿಣದ ಕಡಲೆ
ಅದೇ ಜಾಗದಲ್ಲಿ ಪಾರ್ಸೆಲ್ ವಿಂಗಡಿಸುವ ದೊಡ್ಡ ಕೇಂದ್ರವೂ ಬಂದಿದೆ, ಅದನ್ನೂ ಹೇಳಿ. ಕಾರು ಕಟ್ಟುತ್ತಿದ್ದ ಜಾಗದಲ್ಲಿ ಒಬ್ಬ ಸಂಶೋಧನೆ ಮಾಡುತ್ತಾನೆ, ಇನ್ನೊಬ್ಬ ಡಬ್ಬ ಎತ್ತುತ್ತಾನೆ. ನಡುವಿನ ಕೆಲಸ, ಅಂದರೆ ಕೈಕಸುಬು ಕಲಿತು ಮನೆ ಕಟ್ಟಿ ಮಕ್ಕಳನ್ನು ಓದಿಸುವಷ್ಟು ಸಂಬಳ ಬರುವ ಕೆಲಸ, ಅದೇ ಮಾಯ.

ಆದರೆ ಕ್ಯಾಂಪಸ್ ಹೋಗೋದಿಲ್ಲ ಅನ್ನೋದನ್ನು ಒಪ್ಪುತ್ತೇನೆ. ಒಪ್ಪೋದು ನನಗೆ ಕಷ್ಟ, ಆದ್ರೂ.

ಹಳೇ ಪಾಸು
ಯಾರೂ ಪೋಲೆಂಡಿನ ವುಚ್ ಬಗ್ಗೆ ಮಾತಾಡಿಲ್ಲ. ಅಷ್ಟು ದೊಡ್ಡ ಬಟ್ಟೆ ಮಿಲ್ಲುಗಳ ಊರಿಗೆ ಸರ್ಕಾರಿ ವಿಶ್ವವಿದ್ಯಾಲಯ ಬಂದದ್ದು 1945ರಲ್ಲಿ, ಯುದ್ಧ ಮುಗಿದ ಮೇಲೆ. ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಗಿದ್ದೇ ಹಳೇ ಕಾರ್ಖಾನೆ ಕಟ್ಟಡಗಳಲ್ಲಿ. ಒಬ್ಬ ಮಿಲ್ ಮಾಲೀಕನ ಬಂಗಲೆ ಸಿನಿಮಾ ಶಾಲೆ ಆಯಿತು. ಲಕ್ಸೆಂಬರ್ಗ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ಬೆಲ್ವಾಲ್ ಅನ್ನೋ ಕಡೆ ಕಬ್ಬಿಣದ ಅದಿರು ಕರಗಿಸುವ ಕೊನೆಯ ಊದುಕುಲುಮೆ 1997ರಲ್ಲಿ ಆರಿತು. ಅದನ್ನು ಕೆಡವದೆ ಹಾಗೇ ನಿಲ್ಲಿಸಿ, ಅದರ ಸುತ್ತ ಕ್ಯಾಂಪಸ್ ಕಟ್ಟಿ, 2015ರಲ್ಲಿ ವಿಶ್ವವಿದ್ಯಾಲಯವನ್ನು ಅಲ್ಲಿಗೆ ತಂದರು.

ಪೆನ್ಸಿಲ್ ತುದಿ
ಕುಲುಮೆ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳೋಕೆ ಚೆನ್ನಾಗಿರುತ್ತೆ.

ಹಳೇ ಪಾಸು
ಕೆಡವಿದ್ದರೆ "ನಮ್ಮ ನೆನಪೇ ಇಲ್ಲದ ಹಾಗೆ ಮಾಡಿದರು" ಅಂತಿದ್ದಿರಿ.

ಬಕೆಟ್ಟು
ಬಹಳ ದಿನದಿಂದ ಬರೀ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ಕ್ಯಾಂಪಸ್ ಅಂದ್ರೆ ಪಾಠ, ಸಂಶೋಧನೆ ಅಂತಲೇ ಎಲ್ಲರೂ ಮಾತಾಡುತ್ತಿದ್ದೀರಿ. ಅದೊಂದು ಕೆಲಸದ ಜಾಗವೂ ಹೌದು. ಕಸ ಗುಡಿಸುವವರು, ಸೆಕ್ಯೂರಿಟಿ, ತೋಟದವರು, ಮೆಸ್ಸಿನವರು. ಎಲ್ಲ ಗುತ್ತಿಗೆ. ಗುತ್ತಿಗೆದಾರ ಬದಲಾದಾಗಲೆಲ್ಲ ಇವರ ಸರ್ವಿಸ್ ಮತ್ತೆ ಸೊನ್ನೆಯಿಂದ.

ನಮ್ಮಮ್ಮ ಭೌತಶಾಸ್ತ್ರ ವಿಭಾಗ ಗುಡಿಸುತ್ತಾರೆ. ಮೊದಲು ಗಾರ್ಮೆಂಟ್ಸಿನಲ್ಲಿದ್ದರು, ಅದು ಮುಚ್ಚಿತು. ಯಾವ ಲ್ಯಾಬಿನಲ್ಲಿ ಯಾವ ವೈರ್ ಮುಟ್ಟಬಾರದು, ಯಾವ ಪ್ರೊಫೆಸರ್ ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲ ಗೊತ್ತು. ಕಾರ್ಮಿಕ ಕಾನೂನಿನ ಬಗ್ಗೆ ಅದೇ ಕಟ್ಟಡದಲ್ಲಿ ಎರಡು ದಿನದ ವಿಚಾರ ಸಂಕಿರಣ ಆಯಿತಂತೆ. ಕುರ್ಚಿ ಜೋಡಿಸಿದ್ದು ಅಮ್ಮ. ಆ ತಿಂಗಳ ಪಿಎಫ್ ಕಟ್ಟಿರಲಿಲ್ಲ.

ಕಬ್ಬಿಣದ ಕಡಲೆ
ಇದಕ್ಕಿಂತ ಹೆಚ್ಚು ನಾನೇನೂ ಹೇಳಲಾರೆ.

ಅರೆಬೆಂದ ಅರ್ಥಶಾಸ್ತ್ರಿ
ಬಕೆಟ್ಟು ಅವರೇ, ಪಿಎಫ್ ವಿಷಯ ಬಿಡಬೇಡಿ. ಗುತ್ತಿಗೆದಾರ ಕಟ್ಟದಿದ್ದರೆ ಅವನನ್ನು ಇಟ್ಟುಕೊಂಡ ಸಂಸ್ಥೆಗೂ ಹೊಣೆ ಇರುತ್ತದೆ. ಅಮ್ಮನ ಯುಎಎನ್, ಅಂದರೆ ಪಿಎಫ್ ಖಾತೆಯ ಗುರುತಿನ ನಂಬರ್ ಇದ್ದರೆ ಪಾಸ್‌ಬುಕ್ ಆನ್‌ಲೈನ್‌ನಲ್ಲೇ ನೋಡಬಹುದು. ಯಾವ ತಿಂಗಳು ಬಿದ್ದಿಲ್ಲ ಅಂತ ಬರೆದಿಟ್ಟುಕೊಳ್ಳಿ, ಸಂಬಳದ ಚೀಟಿ ಜೋಪಾನ ಮಾಡಿ.

ಬಕೆಟ್ಟು
ಚೀಟಿ ಕೊಡೋದಿಲ್ಲ ಸಾರ್. ಪಾಸ್‌ಬುಕ್ ನೋಡುತ್ತೇನೆ. ಥ್ಯಾಂಕ್ಸ್.

ನಿರ್ವಾಹಕ
ಪಿಎಫ್ ಪ್ರಶ್ನೆಗಳಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಸಂಸ್ಥೆಗಳ ಹೆಸರು ಹಾಕಬೇಡಿ. ಇಲ್ಲಿವರೆಗೆ ಯಾರೂ ಹಾಕಿಲ್ಲ, ಮುಂಚೆಯೇ ಹೇಳುತ್ತಿದ್ದೇನೆ.

ಟಿಕೆಟ್ ಇಲ್ಲದವಳು
ನಾನು ಕಾರ್ಖಾನೆ ಊರಿನ ಕ್ಯಾಂಪಸ್‌ನಲ್ಲಿ ಓದಿ ಊರು ಬಿಟ್ಟವಳು. ನಮ್ಮ ಬ್ಯಾಚಿನಲ್ಲಿ ಊರಿನವರು ಹನ್ನೊಂದು ಜನ ಇದ್ದೆವು. ಈಗ ಊರಲ್ಲಿ ಉಳಿದಿರುವುದು ಇಬ್ಬರು. ಒಬ್ಬ ಅಂಗಡಿ ಇಟ್ಟಿದ್ದಾನೆ, ಒಬ್ಬಳು ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕ್ಯಾಂಪಸ್ ಊರಿಗೆ ಬುದ್ಧಿವಂತರನ್ನು ತರುತ್ತೆ ಅಂತಾರೆ. ನಮ್ಮಲ್ಲಿ ಇದ್ದವರನ್ನೇ ಬೇಗ ಬೇಗ ಕಳಿಸಿತು. ನನಗೆ ಬೇಜಾರಿಲ್ಲ, ನನ್ನ ಸಂಬಳದಲ್ಲೇ ತಮ್ಮ ಓದಿದ. ಆದರೆ ಅಪ್ಪ ಅಮ್ಮನ ಬೀದಿಯಲ್ಲಿ ಈಗ ಸಂಜೆ ಹೊತ್ತು ಓಡಾಡುವವರೆಲ್ಲ ಅರವತ್ತು ದಾಟಿದವರೇ.

ಉಗಿಬಂಡಿ
ಅದಕ್ಕೆ ಕ್ಯಾಂಪಸ್ ಅನ್ನು ಬೈದರೆ ಹೇಗೆ? ಕಲಿತ ಮೇಲೆ ಮಾಡಲು ಕೆಲಸ ಇದ್ದಿದ್ದರೆ ಉಳಿಯುತ್ತಿದ್ದಿರಿ. ಕಾರ್ಖಾನೆ ಮುಚ್ಚಿದವರನ್ನು ಬಿಟ್ಟು ಪಾಠ ಮಾಡಿದವರನ್ನು ಹಿಡಿದುಕೊಂಡಿದ್ದೀರಿ.

ಟಿಕೆಟ್ ಇಲ್ಲದವಳು
ಬೈದಿಲ್ಲ. ಲೆಕ್ಕ ಹೇಳಿದೆ.

ಹಳೇ ಪಾಸು
ವಿಷಯಾಂತರಕ್ಕೆ ಕ್ಷಮೆ ಇರಲಿ. ನಾವು ಚಿಕ್ಕವರಿದ್ದಾಗ ಕ್ಯಾಂಪಸ್ ಮೈದಾನದಲ್ಲಿ ಕಾಲೋನಿ ಹುಡುಗರೆಲ್ಲ ಆಡುತ್ತಿದ್ದೆವು. ಬೇಲಿಯಲ್ಲಿ ಒಂದು ತೂತು ಇತ್ತು, ಎಲ್ಲರಿಗೂ ಗೊತ್ತಿತ್ತು, ವಾಚ್‌ಮನ್‌ಗೂ. ಆಮೇಲೆ ಯಾವುದೋ ತಪಾಸಣೆ ಸಮಿತಿ ಬರುತ್ತೆ ಅಂತ ಎತ್ತರದ ಗೋಡೆ ಕಟ್ಟಿದರು. ಸಮಿತಿ ಬಂದು ಹೋಯಿತು, ಗೋಡೆ ಉಳಿಯಿತು. ನಾನು ಮುಂದೆ ಅಲ್ಲೇ ಓದಲು ಸೇರಿದ್ದಕ್ಕೆ ಕಾರಣ ಆ ತೂತು ಅಂತ ಈಗಲೂ ನಂಬಿದ್ದೇನೆ. ಜಾಗದ ಭಯ ಇರಲಿಲ್ಲ ನೋಡಿ.

ಮಹಡಿ ಮನೆ
ನಮ್ಮ ಮನೆ ಹುಡುಗಿಯರು ಹೇಳುತ್ತಾರೆ, ಗ್ರಂಥಾಲಯ ರಾತ್ರಿ ಎಂಟಕ್ಕೆ ಮುಚ್ಚುತ್ತಂತೆ, ಭಾನುವಾರ ತೆಗೆಯೋದೇ ಇಲ್ಲವಂತೆ. ಹೊರಗಿನವರು ಇರಲಿ, ಒಳಗಿನವರಿಗೇ ಸಾಕಾಗಲ್ಲ.

ಚಾಕ್‌ಪೀಸು
ಎಂಟಕ್ಕಾ? ನಮ್ಮಲ್ಲಿ ಆರಕ್ಕೆ.

ಮೂರನೇ ಶಿಫ್ಟ್
ಇಷ್ಟನ್ನೂ ನಿನ್ನೆ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಪಿಟ್ಸ್‌ಬರ್ಗ್‌ಗೆ ಹೂಂ ಅಂದರು, ಶೆಫೀಲ್ಡ್‌ಗೆ ಹೂಂ ಅಂದರು. ಪಿಎಫ್ ವಿಷಯಕ್ಕೆ ಒಂದು ಬೈಗುಳ ಬಂತು, ಇಲ್ಲಿ ಬರೆಯಲಾಗದು. ಚಾಕ್‌ಪೀಸು ಅವರ ಲೇತ್ ವಿಷಯ ಬಂದಾಗ ಎದ್ದು ಕೂತರು. "ಸದ್ದು ಮಷೀನು ಹಚ್ಚಿದ ತಕ್ಷಣ ಬರುತ್ತಾ, ಬಿಸಿ ಆದ ಮೇಲಾ? ಕೇಳು" ಅಂದರು.

ಚಾಕ್‌ಪೀಸು
ಅದನ್ನು ಗಮನಿಸಿಲ್ಲ. ಸೋಮವಾರ ನೋಡಿ ಹೇಳುತ್ತೇನೆ.

ಮೂರನೇ ಶಿಫ್ಟ್
"ಗೇರ್ ಬದಲಾಯಿಸಿದಾಗ ಸದ್ದು ಬದಲಾದರೆ ಬೇರಿಂಗ್ ಒಂದೇ ಅಲ್ಲ, ಗೇರನ್ನೂ ನೋಡಬೇಕು" ಅಂತಾರೆ. ಫೋನಲ್ಲಿ ಸದ್ದು ರೆಕಾರ್ಡ್ ಮಾಡಿ ಕಳಿಸಬಹುದಾ ಅಂತಲೂ ಕೇಳುತ್ತಿದ್ದಾರೆ.

ಚಾಕ್‌ಪೀಸು
ಕಳಿಸುತ್ತೇನೆ. ಯಾವ ಸ್ಪೀಡಿನಲ್ಲಿ ಓಡಿಸಲಿ ಅಂತ ಕೇಳಿ.

ಮೂರನೇ ಶಿಫ್ಟ್
ಕಡಿಮೆಯಲ್ಲಿ ಒಂದು, ಜಾಸ್ತಿಯಲ್ಲಿ ಒಂದು. ಚಕ್‌ನ ಹಿಡಿತದಲ್ಲಿ ಜಾಬ್, ಅಂದರೆ ಕಡೆಯುವ ಲೋಹದ ತುಂಡು, ಇರಬಾರದಂತೆ.